ಬ್ರಿಟ್ಟನ್‌ನ ‘ವಾರ್ ರೆಕ್ವಿಯಂ’ ಕೇಳಲು ಹೋಗುತ್ತಿದ್ದೇನೆ. ಸೈನಿಕನ ದನಿಯನ್ನು ಎಲ್ಲಿ ಹುಡುಕಲಿ?

ಪಿಟೀಲು_ಮೈಸೂರು:

ಎಲ್ಲರಿಗೂ ನಮಸ್ಕಾರ. ನಾನು ಓದಲಿಕ್ಕೆ ಅಂತ ಬರ್ಮಿಂಗ್‌ಹ್ಯಾಮ್‌ಗೆ ಬಂದಿದ್ದೇನೆ. ಮೈಸೂರಿನಲ್ಲಿ ಚಿಕ್ಕಂದಿನಿಂದ ಪಿಟೀಲು ಕಲಿತವಳು. ಕರ್ನಾಟಕ ಸಂಗೀತ ಬಿಟ್ಟರೆ ಬೇರೆ ಜಾಸ್ತಿ ಗೊತ್ತಿಲ್ಲ. ಮುಂದಿನ ತಿಂಗಳು ಇಲ್ಲಿ ಬೆಂಜಮಿನ್ ಬ್ರಿಟ್ಟನ್ ಅನ್ನುವ ಇಂಗ್ಲಿಷ್ ಸಂಗೀತ ರಚನಕಾರರ ‘ವಾರ್ ರೆಕ್ವಿಯಂ’ ಕಛೇರಿ ಇದೆ. ಯುದ್ಧದಲ್ಲಿ ಸೈನಿಕರು ಪಟ್ಟ ಪಾಡಿನ ಮೇಲೆ ಕಟ್ಟಿದ ಕೃತಿ ಅಂತ ಕೇಳಿ ಟಿಕೆಟ್ ತೆಗೆದುಕೊಂಡೆ.

ಹೋಗುವ ಮುಂಚೆ ಒಂದು ಸಲ ಕೇಳೋಣ ಅಂತ ಮೊಬೈಲ್‌ನಲ್ಲಿ ಹಾಕಿದೆ. ದೊಡ್ಡ ಗುಂಪು ಲ್ಯಾಟಿನ್‌ನಲ್ಲಿ ಹಾಡುತ್ತದೆ, ಗಂಟೆ ಹೊಡೆಯುತ್ತದೆ, ನಡುವೆ ಯಾರೋ ಒಬ್ಬರು ಇಂಗ್ಲಿಷಿನಲ್ಲಿ ಹಾಡುತ್ತಾರೆ. ಶ್ರುತಿ ಎಲ್ಲಿ ನಿಲ್ಲುತ್ತದೆ ಅಂತಲೇ ಸಿಗಲಿಲ್ಲ. ಕಾಲು ಗಂಟೆಗೆ ನಿಲ್ಲಿಸಿಬಿಟ್ಟೆ. ಸತ್ತವರಿಗಾಗಿ ಚರ್ಚಿನಲ್ಲಿ ಮಾಡುವ ಪ್ರಾರ್ಥನೆ ಇದು ಅಂತ ಓದಿದೆ. ಹಾಗಾದರೆ ಸೈನಿಕ ಇದರಲ್ಲಿ ಎಲ್ಲಿ ಬರುತ್ತಾನೆ? ಪೂರ್ತಿ ಕೇಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ಹೋಗಿ ಕೂತು ಎದ್ದು ಬರಲು ಮನಸ್ಸಿಲ್ಲ.

ಸಾಗರದವನು:

ನಾನು ಸಾಗರದ ಕಡೆಯವನು, ಈಗ ಕವೆಂಟ್ರಿಯಲ್ಲಿದ್ದೇನೆ. ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಸಂಜೆ ಹೊತ್ತು ಇಲ್ಲಿನ ಹವ್ಯಾಸಿ ಕಾಯಿರ್ (ಗುಂಪಾಗಿ ಹಾಡುವ ತಂಡ) ಒಂದರಲ್ಲಿ ಬೇಸ್, ಅಂದರೆ ಗಂಡಸರ ತೀರಾ ಕೆಳದನಿ, ಹಾಡುತ್ತೇನೆ. ಈ ಕೃತಿಯನ್ನು ಆ ಸಾಲಿನಲ್ಲಿ ನಿಂತು ಹಾಡಿದ್ದೇನೆ. ಇದೆಂದರೆ ನನಗೆ ಪ್ರಾಣ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವಾದಾಗ ಓದಿ.

ಮೊದಲು ಶ್ರುತಿಯ ವಿಷಯ. ಶ್ರುತಿ ನಿಲ್ಲುತ್ತಿಲ್ಲ ಅಂತ ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ, ನಿಮ್ಮ ಕಿವಿಯ ತಪ್ಪೇನಿಲ್ಲ. ಶುರುವಿನಲ್ಲಿ ಗಂಟೆಗಳು ಹೊಡೆಯುವುದು ಎರಡು ಸ್ವರ, ಸಿ ಮತ್ತು ಎಫ್ ಶಾರ್ಪ್. ಸಿ ಅನ್ನು ಷಡ್ಜ ಅಂದುಕೊಳ್ಳಿ, ಇನ್ನೊಂದು ಪ್ರತಿಮಧ್ಯಮ. ಕಲ್ಯಾಣಿ ರಾಗದಲ್ಲಿ ಅದೇ ಪ್ರತಿಮಧ್ಯಮ ಎಷ್ಟು ಹಿತವಾಗಿರುತ್ತದೆ ಅಲ್ವಾ? ಅಲ್ಲಿ ಹಿಂದೆ ತಂಬೂರಿ ಇರುತ್ತದೆ, ಪಂಚಮಕ್ಕೆ ಒರಗಿಕೊಳ್ಳಬಹುದು. ಇಲ್ಲಿ ಬ್ರಿಟ್ಟನ್ ಪಂಚಮವನ್ನು ಕೊಡುವುದಿಲ್ಲ. ಎರಡು ಸ್ವರಗಳನ್ನು ಎದುರುಬದುರು ನಿಲ್ಲಿಸಿಬಿಡುತ್ತಾನೆ. ಮೇಲೆ ಹೋದರೂ ಕೆಳಗೆ ಬಂದರೂ ಒಂದರಿಂದ ಇನ್ನೊಂದಕ್ಕೆ ಅಷ್ಟೇ ದೂರ. ಯಾವುದು ಆಧಾರ ಅಂತ ಕಿವಿಗೆ ತೀರ್ಮಾನವೇ ಆಗುವುದಿಲ್ಲ.

ಒಟ್ಟು ಆರು ಭಾಗ ಇದೆ, ಸುಮಾರು 80 ನಿಮಿಷ. ಅದರಲ್ಲಿ ಮೂರೇ ಮೂರು ಕಡೆ ಈ ಬಿಗಿ ಸಡಿಲ ಆಗುತ್ತದೆ: ಮೊದಲ ಭಾಗದ ಕೊನೆ, ಎರಡನೆಯದರ ಕೊನೆ, ಆರನೆಯದರ ಕೊನೆ. ಆಗ ವಾದ್ಯಗಳೆಲ್ಲ ಸುಮ್ಮನಾಗಿ ಗಂಟೆ ಮಾತ್ರ ಉಳಿಯುತ್ತದೆ. ಕಾಯಿರ್‌ನವರು ಬರೀ ಕಂಠದಲ್ಲಿ, ತೀರಾ ಮೆಲ್ಲಗೆ ಹಾಡಿ ಎಫ್ ಮೇಜರ್‌ಗೆ ಬಂದು ಇಳಿಯುತ್ತೇವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪ್ರತಿಮಧ್ಯಮ ಇದ್ದ ಜಾಗದಲ್ಲಿ ಶುದ್ಧಮಧ್ಯಮ ಬಂದು ಅದೇ ಆಧಾರವಾಗುತ್ತದೆ. ನಮ್ಮ ರಿಹರ್ಸಲ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ ಕೆಲವು ಸಾಲುಗಳು. ಅಬ್ಬರದ ಜಾಗಗಳನ್ನು ಹೇಗೋ ಹಾಡಿಬಿಡಬಹುದು. ಇಲ್ಲಿ ಒಬ್ಬರ ಶ್ರುತಿ ಕೂದಲೆಳೆಯಷ್ಟು ಇಳಿದರೂ ಹಾಲ್‌ಗೆಲ್ಲ ಗೊತ್ತಾಗುತ್ತದೆ.

ಈಗ ಸೈನಿಕ ಎಲ್ಲಿದ್ದಾನೆ ಅನ್ನುವುದು. ವೇದಿಕೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಮೊಬೈಲ್‌ನಲ್ಲಿ ಗೊತ್ತಾಗುವುದು ಕಷ್ಟ. ಹಾಡುವವರು ಮೂರು ಗುಂಪು. ಒಂದು, ದೊಡ್ಡ ಕಾಯಿರ್, ಪೂರ್ತಿ ಆರ್ಕೆಸ್ಟ್ರಾ, ಒಬ್ಬ ಸೊಪ್ರಾನೊ (ಹೆಂಗಸರ ಮೇಲುದನಿ) ಗಾಯಕಿ. ಇವರದ್ದು ಲ್ಯಾಟಿನ್ ಪ್ರಾರ್ಥನೆ. ಎರಡು, ಹುಡುಗರ ಕಾಯಿರ್, ಜೊತೆಗೊಂದು ಚಿಕ್ಕ ಆರ್ಗನ್. ಅವರನ್ನು ದೂರದಲ್ಲಿ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಕಡೆ ನಿಲ್ಲಿಸುತ್ತಾರೆ. ಮೂರನೆಯದು ನೀವು ಹುಡುಕುತ್ತಿರುವುದು: ಇಬ್ಬರು ಗಂಡಸರು, ಒಬ್ಬ ಟೆನರ್ (ಗಂಡಸರ ಮೇಲುದನಿ), ಒಬ್ಬ ಬ್ಯಾರಿಟೋನ್ (ಅದಕ್ಕಿಂತ ಕೆಳಗಿನ ದನಿ), ಪಕ್ಕದಲ್ಲಿ 12 ವಾದ್ಯಗಾರರು ಮಾತ್ರ. ಅವರೇ ಸೈನಿಕರು. ಅವರು ಹಾಡುವುದು ಇಂಗ್ಲಿಷ್, ಬರೆದವನು ವಿಲ್ಫ್ರೆಡ್ ಓವೆನ್.

ಓವೆನ್ ಯಾರು ಅಂತ ತಿಳಿದುಕೊಂಡು ಹೋಗಿ. ಹುಟ್ಟಿದ್ದು 1893, ಮೊದಲ ಮಹಾಯುದ್ಧದಲ್ಲಿ ಮ್ಯಾಂಚೆಸ್ಟರ್ ರೆಜಿಮೆಂಟ್‌ನ ಅಧಿಕಾರಿ. 1917ರಲ್ಲಿ ಫ್ರಾನ್ಸ್‌ನ ಕಂದಕಗಳಲ್ಲಿ ಷೆಲ್ ಬಿದ್ದು ಬಿದ್ದು ಮನಸ್ಸು ಕೆಟ್ಟು ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆ ಸೇರಿದ. ಅಲ್ಲಿಂದ ಮುಂದೆ ಬರೆದ ಕವಿತೆಗಳೇ ಇವು ಹೆಚ್ಚಿನವು. ಗುಣವಾದ ಮೇಲೆ ಊರಲ್ಲೇ ಉಳಿಯಬಹುದಿತ್ತು. 1918ರಲ್ಲಿ ಮತ್ತೆ ಮುಂಚೂಣಿಗೆ ಹೋದ. ನವೆಂಬರ್ 4ರಂದು ಸಾಂಬ್ರ್-ವಾಸ್ ಕಾಲುವೆ ದಾಟುವಾಗ ಗುಂಡು ಬಿದ್ದು ಸತ್ತ. ವಯಸ್ಸು 25. ಯುದ್ಧ ಮುಗಿದದ್ದು ಅದೇ 11ಕ್ಕೆ. ಊರಲ್ಲಿ ಯುದ್ಧ ನಿಂತಿತು ಅಂತ ಚರ್ಚಿನ ಗಂಟೆ ಹೊಡೆಯುತ್ತಿದ್ದಾಗ ಅಮ್ಮನ ಕೈಗೆ ತಂತಿ ಬಂತು.

ಬ್ರಿಟ್ಟನ್ ಇವನ ಒಂಬತ್ತು ಕವಿತೆಗಳನ್ನು ಪ್ರಾರ್ಥನೆಯ ನಡುನಡುವೆ ಇಟ್ಟಿದ್ದಾನೆ. ಇಟ್ಟಿರುವ ಜಾಗದಲ್ಲೇ ಇರುವುದು ಎಲ್ಲ. ಪ್ರಾರ್ಥನೆ ಒಂದು ಮಾತು ಹೇಳುತ್ತದೆ, ಸೈನಿಕ ಎದ್ದು ನಿಂತು ಅದಕ್ಕೆ ಎದುರು ಹೇಳುತ್ತಾನೆ. ಕಾಯಿರ್ ‘ಇವರಿಗೆ ಚಿರಶಾಂತಿ ಕೊಡು’ ಅನ್ನುತ್ತದೆ, ಗಂಟೆ ಹೊಡೆಯುತ್ತದೆ. ತಕ್ಷಣ ಟೆನರ್ ಕೇಳುತ್ತಾನೆ: ದನಗಳ ಹಾಗೆ ಸಾಯುವವರಿಗೆ ಎಂಥ ಗಂಟೆ? ಫಿರಂಗಿಯ ಸಿಟ್ಟೇ ಅವರಿಗೆ ಗಂಟೆ, ಬಂದೂಕಿನ ಪಟಪಟವೇ ಮಂತ್ರ. ನೀವು ಕಾಲು ಗಂಟೆಯಲ್ಲಿ ಇದನ್ನು ದಾಟಿರಬೇಕು. ಇನ್ನೊಂದು ಸಲ ಅದನ್ನೊಂದೇ ಹಾಕಿ ಕೇಳಿ.

ಎರಡನೇ ಭಾಗ ಉದ್ದ. ಅದರ ಅಬ್ಬರದ ತಾಳ ಏಳು. ಇಂಗ್ಲಿಷ್ ಗೆಳೆಯರು ಬೆರಳು ಮಡಚಿ ಎಣಿಸುತ್ತಿದ್ದರು. ನಾನು ಪೆನ್ಸಿಲ್‌ನಿಂದ ಸ್ವರಪುಸ್ತಕದ ಮೇಲೆ ಕನ್ನಡದಲ್ಲಿ ‘ತಕಿಟ ತಕಧಿಮಿ’ ಅಂತ ಬರೆದುಕೊಂಡೆ. ನೀವೂ ಮಿಶ್ರಚಾಪು ಹಾಕಿಕೊಂಡು ಕೇಳಿ, ಹಿಡಿತ ಸಿಗುತ್ತದೆ. ಐದನೇ ಭಾಗ ಖಂಡ, ಐದರ ನಡೆ. ಅದರಲ್ಲಿ ಐದು ಸ್ವರ ಇಳಿಯುತ್ತವೆ, ಐದು ಸ್ವರ ಏರುತ್ತವೆ, ಮತ್ತೆ ಇಳಿಯುತ್ತವೆ. ಗಮನ ಇಟ್ಟರೆ ಎರಡರ ಶ್ರುತಿ ಬೇರೆ ಬೇರೆ.

ನನ್ನನ್ನು ಅತಿ ಹೆಚ್ಚು ಕಾಡುವುದು ಎರಡನೇ ಭಾಗದ ಕೊನೆ. ಹಿಮದಲ್ಲಿ ಒಬ್ಬ ಸೈನಿಕ ಸತ್ತು ಬಿದ್ದಿದ್ದಾನೆ. ಜೊತೆಯವನು ಹೇಳುತ್ತಾನೆ, ಅವನನ್ನು ಬಿಸಿಲಿಗೆ ಸರಿಸಿ. ಊರಲ್ಲಿ ದಿನಾ ಬೆಳಗ್ಗೆ ಬಿಸಿಲೇ ಅವನನ್ನು ಎಬ್ಬಿಸುತ್ತಿತ್ತು, ಅರ್ಧ ಬಿತ್ತಿ ಬಿಟ್ಟ ಹೊಲ ಇದೆ ಅಂತ ಕಿವಿಯಲ್ಲಿ ಹೇಳುತ್ತಿತ್ತು. ಫ್ರಾನ್ಸ್‌ಗೆ ಬಂದ ಮೇಲೂ ಎಬ್ಬಿಸುತ್ತಿತ್ತು, ಇವತ್ತಿನ ಬೆಳಗಿನ ತನಕ. ಈಗಲೂ ಎಬ್ಬಿಸುವುದಿದ್ದರೆ ಆ ಮುದಿ ಸೂರ್ಯನಿಗೇ ಗೊತ್ತು. ಸತ್ತವನ ಹೆಸರಿಲ್ಲ, ರ‍್ಯಾಂಕ್ ಇಲ್ಲ. ಅವನು ರೈತರ ಮನೆಯ ಹುಡುಗ ಅನ್ನುವುದು ಆ ಅರ್ಧ ಬಿತ್ತಿದ ಹೊಲದಿಂದ ಗೊತ್ತಾಗುತ್ತದೆ. ಇದನ್ನು ಟೆನರ್ ತುಂಡು ತುಂಡಾಗಿ ಹಾಡುತ್ತಾನೆ. ಆ ತುಂಡುಗಳ ಮಧ್ಯೆ ಸೊಪ್ರಾನೊ ‘ಲಾಕ್ರಿಮೋಸಾ’, ಅಂದರೆ ಕಣ್ಣೀರಿನ ದಿನ ಅಂತ ಅಳುತ್ತಾಳೆ. ಅವಳು ಲೋಕಕ್ಕೆಲ್ಲ ಸೇರಿಸಿ ಅಳುತ್ತಿದ್ದಾಳೆ, ಅವನು ಒಬ್ಬನ ಮೈ ಬೆಚ್ಚಗಿದೆಯಾ ಅಂತ ನೋಡುತ್ತಿದ್ದಾನೆ. ನಾವು ಬೇಸ್‌ನವರು ಹಿಂದಿನ ಸಾಲಿನಲ್ಲಿ ನಿಂತು ಇದನ್ನು ಕೇಳಿಸಿಕೊಂಡು, ಆಮೇಲೆ ಹಾಡಬೇಕು. ಗಂಟಲು ಕಟ್ಟಿದರೆ ಆ ಎಫ್ ಮೇಜರ್ ಹೋಯಿತು.

ಮೂರನೇ ಭಾಗದಲ್ಲಿ ಅಬ್ರಹಾಂ ಕಥೆ. ದೇವರು ಹೇಳಿದ ಅಂತ ಮಗನನ್ನು ಬಲಿ ಕೊಡಲು ಹೊರಟ ಅಪ್ಪ. ಬೈಬಲ್‌ನಲ್ಲಿ ದೇವದೂತ ಬಂದು ತಡೆಯುತ್ತಾನೆ, ಮಗನ ಬದಲು ಟಗರು ಸಿಗುತ್ತದೆ. ಓವೆನ್ ಕವಿತೆಯಲ್ಲೂ ದೇವದೂತ ಬರುತ್ತಾನೆ. ಆದರೆ ಮುದುಕ ಕೇಳುವುದಿಲ್ಲ. ಮಗನನ್ನು ಕೊಲ್ಲುತ್ತಾನೆ, ಜೊತೆಗೆ ಯುರೋಪಿನ ಅರ್ಧ ಸಂತಾನವನ್ನು, ಒಬ್ಬೊಬ್ಬರನ್ನಾಗಿ. ಈ ‘ಒಬ್ಬೊಬ್ಬರನ್ನಾಗಿ’ ಅನ್ನುವುದನ್ನು ಇಬ್ಬರು ಸೈನಿಕರು ಮತ್ತೆ ಮತ್ತೆ ಹೇಳುತ್ತಿರುವಾಗಲೇ ದೂರದಿಂದ ಹುಡುಗರು ‘ನಿನಗೆ ಬಲಿಯನ್ನೂ ಸ್ತುತಿಯನ್ನೂ ಅರ್ಪಿಸುತ್ತೇವೆ’ ಅಂತ ತಣ್ಣಗೆ ಹಾಡುತ್ತಾರೆ. ಹುಡುಗರು ಅಂದರೆ ಹತ್ತು ಹನ್ನೆರಡು ವರ್ಷದವರು. ಇನ್ನು ಎಂಟು ಹತ್ತು ವರ್ಷಕ್ಕೆ ಸೈನ್ಯಕ್ಕೆ ಸೇರುವ ವಯಸ್ಸು. ಅದನ್ನು ಯೋಚಿಸುತ್ತಾ ಕೇಳಿ.

ನಾಲ್ಕನೆಯದರಲ್ಲಿ ಕಾಯಿರ್‌ನವರಿಗೆ ಒಂದು ವಿಚಿತ್ರ ಕೆಲಸ. ತಾಳ ಇಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ವೇಗದಲ್ಲಿ ಒಂದೇ ಸಾಲನ್ನು ಗೊಣಗುತ್ತಾ ದನಿ ಏರಿಸಬೇಕು. ಅದು ಜಯಘೋಷದಲ್ಲಿ ಮುಗಿಯುತ್ತದೆ. ಆಮೇಲೆ ಬ್ಯಾರಿಟೋನ್ ಭೂಮಿಯನ್ನು ಕೇಳುತ್ತಾನೆ, ಈ ಸತ್ತವರು ಮತ್ತೆ ಏಳುತ್ತಾರಾ? ಭೂಮಿ ಇಲ್ಲ ಅನ್ನುತ್ತದೆ.

ಕೊನೆಯ ಭಾಗ ಡೋಲಿನಿಂದ ಶುರು. ನಡಿಗೆ ನಿಧಾನಕ್ಕೆ ವೇಗ ಹೆಚ್ಚಿಸಿಕೊಂಡು ಯುದ್ಧವೇ ಆಗುತ್ತದೆ, ಆರ್ಗನ್ ಕೂಡ ಸೇರಿ ಹಾಲ್ ನಡುಗುತ್ತದೆ. ಆಮೇಲೆ ಎಲ್ಲ ಇಳಿದು, ಟೆನರ್ ಒಬ್ಬನೇ. ಯುದ್ಧದಿಂದ ತಪ್ಪಿಸಿಕೊಂಡು ಒಂದು ಸುರಂಗಕ್ಕೆ ಬಂದಿದ್ದೇನೆ ಅನ್ನುತ್ತಾನೆ. ಅಲ್ಲಿ ಒಬ್ಬ ಎದ್ದು ಇವನ ಮುಖ ನೋಡುತ್ತಾನೆ. ಮಾತಾಡುತ್ತಾ ಆಡುತ್ತಾ ಬ್ಯಾರಿಟೋನ್ ಹೇಳುತ್ತಾನೆ: ಗೆಳೆಯಾ, ನೀನು ಕೊಂದ ಶತ್ರು ನಾನೇ. ನಿನ್ನೆ ನೀನು ನನ್ನನ್ನು ತಿವಿದೆಯಲ್ಲ, ಆಗ ನಿನ್ನ ಮುಖ ಹೀಗೇ ಗಂಟಿಕ್ಕಿತ್ತು, ಅದಕ್ಕೇ ಗುರುತು ಸಿಕ್ಕಿತು. ಇನ್ನು ಮಲಗೋಣ.

ಈ ಸಾಲು ಮೊದಲ ಪ್ರದರ್ಶನದಲ್ಲಿ ಯಾರ ಬಾಯಲ್ಲಿ ಬಂತು ಅನ್ನುವುದು ಮುಖ್ಯ. ಪ್ರದರ್ಶನ ಆದದ್ದು ನಮ್ಮ ಕವೆಂಟ್ರಿಯಲ್ಲೇ, 1962ರ ಮೇ 30. ಇಲ್ಲಿನ ಹಳೆಯ ಕ್ಯಾಥೆಡ್ರಲ್ 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಸುಟ್ಟುಹೋಗಿತ್ತು. ಆ ರಾತ್ರಿ ಊರಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಗೋಡೆಗಳನ್ನು ಹಾಗೇ ಉಳಿಸಿ ಪಕ್ಕದಲ್ಲೇ ಹೊಸದನ್ನು ಕಟ್ಟಿದರು. ಅದರ ಉದ್ಘಾಟನೆಯ ಉತ್ಸವಕ್ಕೆ ಬ್ರಿಟ್ಟನ್‌ಗೆ ಕೃತಿ ಬರೆಯಲು ಹೇಳಿದರು. ಅವನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಮೂರು ದೇಶದ ಮೂರು ದನಿ: ಇಂಗ್ಲೆಂಡಿನ ಟೆನರ್ ಪೀಟರ್ ಪಿಯರ್ಸ್, ಜರ್ಮನಿಯ ಬ್ಯಾರಿಟೋನ್ ಡೀಟ್ರಿಕ್ ಫಿಶರ್-ಡೀಸ್ಕಾವ್, ರಷ್ಯಾದ ಗಲೀನಾ ವಿಷ್ನೆವ್‌ಸ್ಕಾಯಾ. ಸೋವಿಯತ್ ಸರ್ಕಾರ ವಿಷ್ನೆವ್‌ಸ್ಕಾಯಾರನ್ನು ಬಿಡಲಿಲ್ಲ. ಹೆದರ್ ಹಾರ್ಪರ್ ಕೊನೇ ಗಳಿಗೆಯಲ್ಲಿ ಕಲಿತು ಹಾಡಿದರು. ಫಿಶರ್-ಡೀಸ್ಕಾವ್ ಮಾತ್ರ ಬಂದರು. ಹಿಟ್ಲರನ ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸಿಕೊಂಡಿದ್ದ ಹುಡುಗ ಅವರು, ಇಟಲಿಯಲ್ಲಿ ಯುದ್ಧಕೈದಿಯಾಗಿದ್ದವರು. ಜರ್ಮನ್ ಬಾಂಬಿನಿಂದ ಸುಟ್ಟ ಊರಿನಲ್ಲಿ ನಿಂತು, ಇಂಗ್ಲಿಷಿನವನ ಎದುರು, ‘ನೀನು ಕೊಂದ ಶತ್ರು ನಾನೇ’ ಅಂತ ಹಾಡಿದರು. ಮುಗಿದ ಮೇಲೆ ಅತ್ತು ಅತ್ತು ಜಾಗದಿಂದ ಏಳಲಾಗದೆ ಕೂತಿದ್ದರಂತೆ, ಪಿಯರ್ಸ್ ಎಬ್ಬಿಸಿಕೊಂಡು ಬರಬೇಕಾಯಿತು.

ಬರ್ಮಿಂಗ್‌ಹ್ಯಾಮ್‌ನಿಂದ ಇಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆ ಹತ್ತಿರ ಅಷ್ಟೇ. ಕಛೇರಿಗೆ ಮುಂಚೆ ಒಮ್ಮೆ ಬನ್ನಿ. ಹಳೇ ಕ್ಯಾಥೆಡ್ರಲ್‌ಗೆ ಸೂರಿಲ್ಲ. ಒಳಗೆ ಬಲಿಪೀಠದ ಹಿಂದಿನ ಗೋಡೆಯ ಮೇಲೆ ‘ತಂದೆಯೇ, ಕ್ಷಮಿಸು’ ಅಂತ ಎರಡೇ ಪದ ಕೆತ್ತಿದ್ದಾರೆ. ‘ಅವರನ್ನು ಕ್ಷಮಿಸು’ ಅಂತ ಬರೆದಿಲ್ಲ.

ಹಳೇ_ರೇಡಿಯೋ:

ಸಾಗರದವರು ಚೆನ್ನಾಗಿ ಬರೆದಿದ್ದಾರೆ. ಆದರೂ ನನ್ನದೊಂದು ತಕರಾರು ಇದೆ. ಬ್ರಿಟ್ಟನ್ ಸೈನ್ಯಕ್ಕೆ ಸೇರಿದವನೇ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿದ್ದ, 1942ರಲ್ಲಿ ವಾಪಸ್ ಬಂದು ಯುದ್ಧ ಮಾಡುವುದಿಲ್ಲ ಅಂತ ವಿನಾಯಿತಿ ಪಡೆದ. ಕಂದಕ ನೋಡದವನು ಕಂದಕದ ಸಂಗೀತ ಬರೆದರೆ ಅದನ್ನು ಸೈನಿಕರ ಅನುಭವ ಅನ್ನಬಹುದಾ?

ಅದರ ಬದಲು ಫ್ರಾನ್ಸಿನ ಸಂಗೀತ ರಚನಕಾರ ಮೆಸ್ಸಿಯಾನ್ ಕೇಳಿ ಅನ್ನುತ್ತೇನೆ. ಆತ ಸೈನ್ಯದಲ್ಲಿದ್ದು ಜರ್ಮನರ ಕೈಗೆ ಸಿಕ್ಕಿದವನು. ಗೋರ್ಲಿಟ್ಸ್ ಹತ್ತಿರದ ಕೈದಿ ಶಿಬಿರದಲ್ಲೇ ತನ್ನ ಕ್ವಾರ್ಟೆಟ್ ಮುಗಿಸಿ, 1941ರ ಜನವರಿ 15ರಂದು ಅಲ್ಲೇ ಕೈದಿಗಳ ಎದುರು ನುಡಿಸಿದ. ಪಿಟೀಲು, ಚೆಲ್ಲೊ, ಕ್ಲಾರಿನೆಟ್, ಪಿಯಾನೊ. ಅಲ್ಲಿ ಸಿಕ್ಕಿದ ವಾದ್ಯಗಾರರು ಅಷ್ಟೇ, ಅದಕ್ಕೇ ಆ ಜೋಡಣೆ. ಪಿಟೀಲಿನವರಿಗೆ ಅದರ ಕೊನೆಯ ಭಾಗ ಖಂಡಿತ ಹಿಡಿಸುತ್ತದೆ, ಪೂರ್ತಿ ಪಿಟೀಲಿನದ್ದೇ, ಜೊತೆಗೆ ಪಿಯಾನೊ ಮಾತ್ರ.

ಸಾಗರದವನು:

ಹಳೇ ರೇಡಿಯೋ ಅವರೇ, ಮೆಸ್ಸಿಯಾನ್ ನನಗೂ ಇಷ್ಟ, ಅವರು ಅದನ್ನೂ ಕೇಳಲಿ. ಆದರೆ ನಿಮ್ಮ ತಕರಾರನ್ನು ನಾನು ಒಪ್ಪುವುದಿಲ್ಲ.

ಬ್ರಿಟ್ಟನ್ ಕಂದಕ ನೋಡಿರಲಿಲ್ಲ, ನಿಜ. ಅದಕ್ಕೇ ಅವನು ಸ್ವಂತ ಮಾತು ಒಂದನ್ನೂ ಹಾಕಿಲ್ಲ. ಕಂದಕ ನೋಡಿದವನ ಕೈಗೆ ಪೆನ್ನು ಬಿಟ್ಟುಕೊಟ್ಟಿದ್ದಾನೆ. ಕೃತಿಯ ಮೊದಲ ಪುಟದಲ್ಲೇ ಓವೆನ್ ತನ್ನ ಕವಿತೆಗಳ ಬಗ್ಗೆ ಬರೆದುಕೊಂಡ ಸಾಲುಗಳಿವೆ: ನನ್ನ ವಿಷಯ ಯುದ್ಧ, ಯುದ್ಧದ ಮರುಕ, ಇವತ್ತು ಕವಿ ಮಾಡಬಹುದಾದದ್ದು ಎಚ್ಚರಿಸುವುದು ಮಾತ್ರ ಅಂತ.

ಇನ್ನೊಂದು, ಬ್ರಿಟ್ಟನ್ ಏನೂ ನೋಡದೆ ಕೂತವನಲ್ಲ. 1945ರ ಬೇಸಿಗೆಯಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಜೊತೆ ಜರ್ಮನಿಗೆ ಹೋಗಿ ನಾಜಿಗಳ ಬೆಲ್ಸೆನ್ ಶಿಬಿರದಲ್ಲಿ ಬದುಕಿ ಉಳಿದವರ ಎದುರು ಪಿಯಾನೊ ನುಡಿಸಿದವನು. ಮತ್ತೆ ಅರ್ಪಣೆಯ ಪುಟ ನೋಡಿ. ನಾಲ್ಕು ಹೆಸರಿವೆ, ಎಲ್ಲ ಸ್ನೇಹಿತರೇ, ಎಲ್ಲ ಯುದ್ಧಕ್ಕೆ ಹೋದವರೇ. ಅವರಲ್ಲಿ ಪಿಯರ್ಸ್ ಡಂಕರ್ಲಿ ಅನ್ನುವವರು ಯುದ್ಧ ಮುಗಿಸಿ ಜೀವಂತ ವಾಪಸ್ ಬಂದಿದ್ದರು. 1959ರಲ್ಲಿ ಪ್ರಾಣ ಕಳೆದುಕೊಂಡರು. ಯುದ್ಧದಲ್ಲಿ ಸತ್ತವರ ಪಟ್ಟಿಯಲ್ಲಿ ಬ್ರಿಟ್ಟನ್ ಅವರನ್ನೂ ಸೇರಿಸಿದ. ಬಂದೂಕು ಹಿಡಿಯದಿದ್ದರೂ ಸೈನಿಕರ ಪಾಡು ಅವನಿಗೆ ಅರ್ಥವಾಗಿತ್ತು ಅನ್ನಲು ನನಗೆ ಅಷ್ಟು ಸಾಕು.

ಕನ್ನಡ_ಟೀಚರ್:

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಸಂಗೀತ ಗೊತ್ತಿಲ್ಲ, ಓವೆನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೊನೇ ಸಲ ಯುದ್ಧಕ್ಕೆ ಹೊರಡುವಾಗ ಓವೆನ್ ಅಮ್ಮನಿಗೆ ಹೇಳಿ ಹೋದದ್ದು ಟಾಗೋರರ ಗೀತಾಂಜಲಿಯ ಸಾಲು. ‘ನಾನು ಇಲ್ಲಿಂದ ಹೊರಡುವಾಗ ಇದೇ ನನ್ನ ಕೊನೆಯ ಮಾತಾಗಲಿ, ನಾನು ಕಂಡದ್ದಕ್ಕೆ ಮಿಗಿಲಾದದ್ದಿಲ್ಲ’ ಅನ್ನುವ ಅರ್ಥದ್ದು. ಅವನು ಸತ್ತ ಮೇಲೆ ವಾಪಸ್ ಬಂದ ಜೇಬಿನ ಪುಸ್ತಕದಲ್ಲೂ ಅದು ಇತ್ತು, ಕೆಳಗೆ ಟಾಗೋರರ ಹೆಸರು. ಅಮ್ಮ 1920ರಲ್ಲಿ ಟಾಗೋರರಿಗೇ ಕಾಗದ ಬರೆದು, ಇದು ನಿಮ್ಮ ಯಾವ ಪುಸ್ತಕದಲ್ಲಿದೆ ಅಂತ ಕೇಳಿದರು.

ಸುರಂಗದಲ್ಲಿ ಶತ್ರು ಸಿಗುವ ಭಾಗ ಓದಿದಾಗ ನನಗೆ ರನ್ನನ ಗದಾಯುದ್ಧ ನೆನಪಾಯಿತು. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಹೋಗುವಾಗ ಅಭಿಮನ್ಯುವಿನ ದೇಹ ಕಾಣುತ್ತದೆ. ಶತ್ರುವಿನ ಮಗ. ಅಲ್ಲೇ ನಿಂತು ಹೊಗಳುತ್ತಾನೆ, ಇಂಥ ಸಾವು ನನಗೂ ಬರಲಿ ಅನ್ನುತ್ತಾನೆ. ವ್ಯತ್ಯಾಸ ಏನೆಂದರೆ ರನ್ನನಲ್ಲಿ ವೀರ ಉಳಿಯುತ್ತಾನೆ. ಓವೆನ್‌ನಲ್ಲಿ ವೀರ ಇಲ್ಲ, ಇಬ್ಬರು ಸುಸ್ತಾದ ಹುಡುಗರು ಇದ್ದಾರೆ.

ಅದೇ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜೊತೆ ಹೈಫಾದಲ್ಲಿ ಹೋರಾಡಿದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಅವರ ಕಡೆಯಿಂದ ಬರೆಯಲು ಒಬ್ಬ ಓವೆನ್ ಇದ್ದಿದ್ದರೆ ಅಂತ ಆಸೆಯಾಗುತ್ತದೆ.

ಪಿಟೀಲು_ಮೈಸೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಬಿಸಿಲಿಗೆ ಸರಿಸಿ’ ಅನ್ನುವ ಭಾಗ ಈಗಷ್ಟೇ ಕೇಳಿದೆ. ನಮ್ಮಜ್ಜನ ಮನೆ ಹೊಲದ ಪಕ್ಕದಲ್ಲೇ ಇರುವುದು, ತಡೆಯಲಾಗಲಿಲ್ಲ. ಸಾಗರದ ಅಣ್ಣಾ, ಇನ್ನೆರಡು ಪ್ರಶ್ನೆ. ಯಾವ ರೆಕಾರ್ಡಿಂಗ್ ಕೇಳಲಿ? ಮತ್ತೆ ನನ್ನ ಟಿಕೆಟ್ ಮೇಲಿನ ಬಾಲ್ಕನಿಯದ್ದು, ತೀರಾ ಹಿಂದೆ. ಬದಲಾಯಿಸಿಕೊಳ್ಳಲಾ?

ಸಾಗರದವನು:

ಬದಲಾಯಿಸಬೇಡಿ ತಂಗೀ. ಈ ಕೃತಿಗೆ ದೂರ ಒಳ್ಳೆಯದು. ಮೂರು ಗುಂಪಿನ ದನಿ ಬೇರೆ ಬೇರೆ ಕಡೆಯಿಂದ ಬರುವುದು ಮೇಲಿನಿಂದ ಸ್ಪಷ್ಟವಾಗಿ ಕೇಳುತ್ತದೆ. ಹುಡುಗರ ಕಾಯಿರ್ ಅನ್ನು ಕೆಲವೊಮ್ಮೆ ಬಾಲ್ಕನಿಯ ಹಿಂದಿನ ಬಾಗಿಲ ಆಚೆ ನಿಲ್ಲಿಸುತ್ತಾರೆ. ಹಾಗಾದರೆ ನಿಮ್ಮ ಬೆನ್ನ ಹಿಂದಿನಿಂದಲೇ ಬರಬಹುದು, ತಿರುಗಿ ನೋಡಬೇಡಿ, ಸುಮ್ನೆ ಕೇಳಿ.

ರೆಕಾರ್ಡಿಂಗ್ ಅಂದರೆ 1963ರ ಜನವರಿಯಲ್ಲಿ ಲಂಡನ್ನಿನಲ್ಲಿ ಡೆಕ್ಕಾ ಕಂಪನಿ ಮಾಡಿದ್ದು. ಬ್ರಿಟ್ಟನ್ ಅವರೇ ನಡೆಸಿಕೊಟ್ಟದ್ದು. ಆ ಹೊತ್ತಿಗೆ ವಿಷ್ನೆವ್‌ಸ್ಕಾಯಾಗೂ ಅನುಮತಿ ಸಿಕ್ಕಿತ್ತು, ಹಾಗಾಗಿ ಬ್ರಿಟ್ಟನ್ ಬಯಸಿದ್ದ ಮೂವರೂ ಅದರಲ್ಲಿದ್ದಾರೆ. ಒಂದೇ ಸಲ ಪೂರ್ತಿ ಕೇಳುವ ಹಟ ಬೇಡ. ದಿನಕ್ಕೊಂದು ಭಾಗ ಕೇಳಿ. ಓವೆನ್ ಕವಿತೆಗಳನ್ನು ಪ್ರಿಂಟ್ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳಿ, ಲ್ಯಾಟಿನ್‌ಗೆ ಅರ್ಥ ಗೊತ್ತಿದ್ದರೆ ಸಾಕು. ಕಛೇರಿಯ ದಿನ ಮಾತ್ರ ಕಾಗದ ತೆಗೆಯಬೇಡಿ. ಟೆನರ್ ಬಾಯಿ ತೆರೆದಾಗ ಅವನ ಮುಖ ನೋಡಿ.

ಕವೆಂಟ್ರಿಗೆ ಬರುವ ದಿನ ಇಲ್ಲೇ ಒಂದು ಮೆಸೇಜ್ ಹಾಕಿ. ಹಳೇ ಕ್ಯಾಥೆಡ್ರಲ್ ತೋರಿಸಿ, ನಮ್ಮ ಮನೆಯಲ್ಲಿ ಊಟ ಮಾಡಿಸಿ ಕಳಿಸುತ್ತೇನೆ.